ದುರ್ಬೀನಿನಲ್ಲಿ ಕಂಡ ಬಿಳಿಯ ಬೆಟ್ಟ

2022ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ಸೇಂಟ್ ಜರ್ವೇ ಎಂಬ ಬೆಟ್ಟದೂರಿನ ಮೇಯರ್ ಒಂದು ವಿಚಿತ್ರವಾದ ಸಲಹೆಯನ್ನು ಮುಂದಿಟ್ಟರು. ತಮ್ಮೂರಿನ ದಾರಿಯಿಂದ ಮೋಂ ಬ್ಲಾಂ ಶಿಖರ ಏರಲು ಹೊರಡುವ ಪ್ರತಿಯೊಬ್ಬರೂ ಮೊದಲು 15,000 ಯೂರೊ ಠೇವಣಿ ಇಡಬೇಕು. ಅದರಲ್ಲಿ 10,000 ಯೂರೊ ಅವರನ್ನು ಹುಡುಕಿ ಕೆಳಗಿಳಿಸುವ ಖರ್ಚಿಗೆ. ಉಳಿದ 5,000 ಯೂರೊ ಅವರ ಅಂತ್ಯಕ್ರಿಯೆಗೆ. ಆ ಬೇಸಿಗೆ ಬಹಳ ಬಿಸಿಯಾಗಿತ್ತು. ಬಂಡೆಗಳನ್ನು ಹಿಡಿದಿಟ್ಟಿದ್ದ ಮಂಜುಗಡ್ಡೆ ಕರಗಿ ಕಲ್ಲುಗಳು ಉರುಳುತ್ತಿದ್ದವು. ಗೈಡುಗಳು ಆ ದಾರಿಯಲ್ಲಿ ಜನರನ್ನು ಕರೆದೊಯ್ಯುವುದನ್ನೇ ನಿಲ್ಲಿಸಿದ್ದರು. ಆದರೂ ಬೆಟ್ಟ ಹತ್ತಿ ಗೊತ್ತಿಲ್ಲದವರು ಒಬ್ಬೊಬ್ಬರಾಗಿ ಹೊರಟೇ ಹೋಗುತ್ತಿದ್ದರು. ಮೇಯರ್ ಅವರ ತಾಳ್ಮೆ ಕೆಟ್ಟದ್ದು ಅದಕ್ಕೆ.

ಸುದ್ದಿ ಓದಿದವರು ನಕ್ಕಿರಬಹುದು. ಅದರ ಹಿಂದಿನ ಕಥೆ ಮಾತ್ರ ನಗುವಂಥದ್ದಲ್ಲ. ಫ್ರಾನ್ಸಿನ ಬೆಟ್ಟಗಳಲ್ಲಿ ಸಿಕ್ಕಿಬಿದ್ದವರನ್ನು ಸರ್ಕಾರವೇ ಹೆಲಿಕಾಪ್ಟರ್ ಕಳಿಸಿ ಇಳಿಸುತ್ತದೆ. ಬದುಕಿದವನ ಕೈಗೆ ಬಿಲ್ಲು ಕೊಡುವುದಿಲ್ಲ. ಈ ಏರ್ಪಾಡು ತಾನಾಗಿ ಬಂದದ್ದಲ್ಲ. ಏರಲು ಬಾರದವರು ಏರುವುದು, ಅವರನ್ನು ಯಾರು ಇಳಿಸಬೇಕು ಎಂದು ಕೆಳಗಿನವರು ಜಗಳವಾಡುವುದು, ಇದಕ್ಕೆ ಆ ಬೆಟ್ಟದಲ್ಲಿ ಇನ್ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅರ್ಧ ಗಂಟೆಯ ಮಾತುಕತೆಯಲ್ಲಿ ಅದನ್ನು ಪೂರ್ತಿಯಾಗಿ ಹೇಳಲಾಗುವುದಿಲ್ಲ. ಹಾಗಾಗಿ ಈ ಪುಟಗಳು.

ಮೋಂ ಬ್ಲಾಂ ಎಂದರೆ ಬಿಳಿಯ ಬೆಟ್ಟ. ನಮ್ಮ ಶಾಲೆಯ ಭೂಗೋಳದಲ್ಲಿ ನಾವು ಅದನ್ನು ‘ಮೌಂಟ್ ಬ್ಲಾಂಕ್’ ಎಂದು ಉರು ಹೊಡೆದದ್ದುಂಟು. ಆಲ್ಪ್ಸ್ ಪರ್ವತಗಳಲ್ಲೆಲ್ಲ ಎತ್ತರವಾದದ್ದು ಇದೇ. ನೆತ್ತಿಯ ಮೇಲೆ ಬಂಡೆಯಿಲ್ಲ, ದಪ್ಪನೆಯ ಹಿಮದ ಟೋಪಿಯಿದೆ. ಆದ್ದರಿಂದ ಎತ್ತರ ವರ್ಷದಿಂದ ವರ್ಷಕ್ಕೆ ಕೊಂಚ ಬದಲಾಗುತ್ತದೆ. 2021ರಲ್ಲಿ ಅಳೆದಾಗ 4,807.81 ಮೀಟರ್, 2023ರಲ್ಲಿ 4,805.59 ಮೀಟರ್. ಬೆಟ್ಟದ ಬುಡದಲ್ಲಿರುವ ಶಾಮೊನಿ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,035 ಮೀಟರ್ ಎತ್ತರದಲ್ಲಿದೆ, ಅಂದರೆ ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟು. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯ ತುದಿಗೆ ಹೋದವರು ಸುಮಾರು 850 ಮೀಟರ್ ಮೇಲೇರಿರುತ್ತಾರೆ. ಶಾಮೊನಿಯಿಂದ ಮೋಂ ಬ್ಲಾಂ ತುದಿಗೆ ಹೋಗುವವನು ಏರಬೇಕಾದದ್ದು 3,770 ಮೀಟರ್. ಊರಿನ ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಶಿಖರ ಕಾಣುತ್ತದೆ, ಇಗೋ ಇಲ್ಲೇ ಇದೆ ಎನ್ನುವಂತೆ. ಅನನುಭವಿಯನ್ನು ಆ ಬೆಟ್ಟ ಮೊದಲು ಮೋಸಗೊಳಿಸುವುದು ಇಲ್ಲಿಯೇ.

1760ರಲ್ಲಿ ಜಿನೀವಾದ ಇಪ್ಪತ್ತು ವರ್ಷದ ಯುವಕನೊಬ್ಬ ಶಾಮೊನಿಗೆ ಬಂದ. ಹೆಸರು ಒರಾಸ್ ಬೆನೆದಿಕ್ತ್ ದ ಸೊಸ್ಯೂರ್. ಅನುಕೂಲಸ್ಥರ ಮನೆಯವನು, ವಿಜ್ಞಾನದ ಹುಚ್ಚಿನವನು. ಈ ಬೆಟ್ಟದ ತುದಿಗೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುತ್ತೇನೆಂದು ಊರಿನಲ್ಲಿ ಸಾರಿಸಿದ. ಇಪ್ಪತ್ತಾರು ವರ್ಷ ಆ ಬಹುಮಾನ ಹಾಗೆಯೇ ಉಳಿಯಿತು. ಊರಿನವರಿಗೆ ಬೆಟ್ಟದ ಪರಿಚಯವಿರಲಿಲ್ಲ ಎಂದಲ್ಲ. ಸ್ಫಟಿಕದ ಕಲ್ಲುಗಳನ್ನು ಆಯುವವರು, ಕಾಡುಮೇಕೆ ಬೇಟೆಗಾರರು ಹಿಮನದಿಗಳ ಅಂಚಿನವರೆಗೆ ಹೋಗಿಬರುತ್ತಿದ್ದರು. ಆದರೆ ಮೇಲಿನ ಹಿಮದಲ್ಲಿ ಒಂದು ರಾತ್ರಿ ಕಳೆದವನು ಬದುಕಿ ಬರಲಾರ ಎಂಬ ನಂಬಿಕೆ ಗಟ್ಟಿಯಾಗಿತ್ತು. ಒಂದೇ ಹಗಲಿನಲ್ಲಿ ಹೋಗಿಬರುವಷ್ಟು ಹತ್ತಿರ ಶಿಖರವಿರಲಿಲ್ಲ. ಮೇಲೆ ಹೋದಂತೆ ಬಿಸಿಲಿನ ಝಳ, ಉಸಿರುಕಟ್ಟು, ವಿಪರೀತ ನಿದ್ರೆ ಬರುತ್ತಿತ್ತು; ಊಟ ಸೇರುತ್ತಿರಲಿಲ್ಲ. 1783ರಲ್ಲಿ ಪ್ರಯತ್ನಿಸಿ ಸೋತು ಬಂದವರಲ್ಲೊಬ್ಬ ಸೊಸ್ಯೂರ್‌ಗೆ ಹೇಳಿದನಂತೆ, ಇನ್ನೊಮ್ಮೆ ಹೋಗುವುದಾದರೆ ಬುತ್ತಿ ಒಯ್ಯುವುದಿಲ್ಲ, ಒಂದು ಕೊಡೆ ಮತ್ತು ಮೂಸಲು ಒಂದು ಸುಗಂಧದ ಸೀಸೆ ಸಾಕು ಎಂದು. ಈಗ ಓದಿದರೆ ನಗು ಬರುತ್ತದೆ. ಆದರೆ ಗಮನಿಸಿ, ಅವನು ಕಂಡದ್ದನ್ನೇ ಹೇಳಿದ್ದ. ಹಸಿವು ಇಂಗಿಹೋಗುವುದು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳಲ್ಲಿ ಒಂದು. ಅವನಿಗೆ ಕಾರಣ ಗೊತ್ತಿರಲಿಲ್ಲ, ಅಷ್ಟೆ. ಆಗ ಯಾರಿಗೂ ಗೊತ್ತಿರಲಿಲ್ಲ.

1786ರ ಜೂನ್‌ನಲ್ಲಿ ಜಾಕ್ ಬಾಲ್ಮಾ ಎಂಬ ಸ್ಫಟಿಕ ಆಯುವವನು ಜೊತೆಗಾರರಿಂದ ಬೇರಾಗಿ ಹಿಮದ ಮೇಲೆ ಒಂಟಿಯಾಗಿ ರಾತ್ರಿ ಕಳೆಯಬೇಕಾಯಿತು. ಬೆಳಗಾದಾಗ ಬದುಕಿದ್ದ! ಬೆಟ್ಟದ ಬಾಗಿಲು ತೆರೆದದ್ದು ಅದರಿಂದ ಎನ್ನಬಹುದು. ಶಾಮೊನಿಯ ವೈದ್ಯ ಮಿಶೆಲ್ ಗಾಬ್ರಿಯೆಲ್ ಪಕ್ಕಾರ್ ಕೆಲವು ವರ್ಷಗಳಿಂದ ಅದೇ ಬೆಟ್ಟವನ್ನು ದುರ್ಬೀನಿನಲ್ಲಿ ನೋಡಿ ನೋಡಿ ದಾರಿ ಹುಡುಕುತ್ತಿದ್ದರು. ಅವರಿಗೆ ಬಹುಮಾನದ ಆಸೆಯಿರಲಿಲ್ಲ. ತುದಿಯಲ್ಲಿ ಗಾಳಿಯ ಭಾರ ಅಳೆಯಬೇಕೆಂಬ ಆಸೆಯಿತ್ತು. ಆಗಸ್ಟ್ 7ರಂದು ಇಬ್ಬರೂ ಹೊರಟರು. ಹಗ್ಗವಿಲ್ಲ, ಹಿಮಗೊಡಲಿಯಿಲ್ಲ. ಕೈಯಲ್ಲಿ ಉದ್ದನೆಯ ಊರುಗೋಲು, ಜೊತೆಗೆ ವೈದ್ಯರ ವಾಯುಭಾರಮಾಪಕ ಮತ್ತು ಉಷ್ಣತಾಮಾಪಕ. ಹಿಮದ ಬಿರುಕುಗಳು ಬಂದಲ್ಲಿ ಕೋಲುಗಳನ್ನು ಅಡ್ಡ ಹಾಕಿ, ಅವುಗಳ ಮೇಲೆ ಅಂಗಾತ ಹರಡಿಕೊಂಡಂತೆ ದಾಟಿದರು. ಆಗಸ್ಟ್ 8ರ ಸಂಜೆ 6 ಗಂಟೆ 23 ನಿಮಿಷಕ್ಕೆ ತುದಿಯಲ್ಲಿದ್ದರು. ಅರ್ಧ ಗಂಟೆಗೂ ತುಸು ಹೆಚ್ಚು ನಿಂತು ಬೆಳದಿಂಗಳಲ್ಲಿ ಇಳಿದರು. ಮಾರನೆಯ ದಿನ ವೈದ್ಯರಿಗೆ ಹಿಮದ ಹೊಳಪಿನಿಂದ ಕಣ್ಣು ಕಾಣುತ್ತಿರಲಿಲ್ಲ, ಕೈ ಮರಗಟ್ಟಿತ್ತು.

ನಿಮಿಷದ ಲೆಕ್ಕ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅಲ್ಲಿಯೇ ಈ ಕಥೆಯ ಸ್ವಾರಸ್ಯವಿದೆ. ಆ ದಿನ ಶಾಮೊನಿಯಲ್ಲಿ ಜರ್ಮನಿಯ ಸ್ಯಾಕ್ಸನಿಯಿಂದ ಬಂದಿದ್ದ ಗೆರ್ಸ್‌ಡಾರ್ಫ್ ಎಂಬ ಶ್ರೀಮಂತ ದುರ್ಬೀನು ಹಿಡಿದು ಕೂತಿದ್ದ. ಬಿಳಿಯ ಇಳಿಜಾರಿನ ಮೇಲೆ ಎರಡು ಕಪ್ಪು ಚುಕ್ಕೆಗಳು ಎಲ್ಲಿವೆ, ಯಾವಾಗ ನಿಂತವು, ಯಾವುದು ಮುಂದೆ, ಯಾವುದು ಹಿಂದೆ ಎಂದು ಗಡಿಯಾರ ನೋಡಿ ಬರೆದುಕೊಂಡ, ಚಿತ್ರವನ್ನೂ ಬಿಡಿಸಿಕೊಂಡ. ಟೆಲಿವಿಷನ್ನಿನ ಭಾಷೆಯಲ್ಲಿ ಹೇಳುವುದಾದರೆ ಇದು ನೇರ ಪ್ರಸಾರದ ಕಚ್ಚಾ ದಾಖಲೆ. ಮೇಲೆ ಯಾರೂ ಕತ್ತರಿ ಆಡಿಸಿರಲಿಲ್ಲ.

ಕತ್ತರಿ ಆಡಿದ್ದು ಆಮೇಲೆ. ಜಿನೀವಾದಲ್ಲಿ ಮಾರ್ಕ್ ಥಿಯೊಡೋರ್ ಬೂರಿ ಎಂಬಾತನಿದ್ದ. ಇಗರ್ಜಿಯಲ್ಲಿ ಗಾಯಕ, ಚಿತ್ರಕಾರ, ಆಲ್ಪ್ಸ್ ಬಗ್ಗೆ ಪುಸ್ತಕ ಬರೆದವನು. ತಾನೇ ಮೊದಲು ಏರಬೇಕೆಂದು ಹಲವು ಸಲ ಪ್ರಯತ್ನಿಸಿ ಸೋತವನು. ಸಾಹಸವೆಲ್ಲ ಬಾಲ್ಮಾನದು, ವೈದ್ಯ ಸುಮ್ಮನೆ ಹಿಂದೆ ಎಳೆಸಿಕೊಂಡು ಹೋದವನು ಎಂಬಂತೆ ಅವನು ಒಂದು ಪತ್ರ ಬರೆದು ಹಂಚಿದ. ಪಕ್ಕಾರ್ ತಮ್ಮ ಪುಸ್ತಕ ಬರುತ್ತದೆಂದು ಪ್ರಕಟಣೆ ಕೊಟ್ಟರು. ಪುಸ್ತಕ ಬರಲೇ ಇಲ್ಲ. 1827ರಲ್ಲಿ ತೀರಿಕೊಂಡರು. 1832ರಲ್ಲಿ ಕಾದಂಬರಿಕಾರ ಅಲೆಕ್ಸಾಂಡರ್ ದ್ಯೂಮಾ ಶಾಮೊನಿಗೆ ಬಂದು ಎಪ್ಪತ್ತರ ಬಾಲ್ಮಾನನ್ನು ಮಾತನಾಡಿಸಿದ. ಮುದುಕ ಹುರುಪಿನಿಂದ ಹೇಳಿದ, ಕಾದಂಬರಿಕಾರ ಅದಕ್ಕಿಂತ ಹುರುಪಿನಿಂದ ಬರೆದ. ಅಲ್ಲಿಗೆ ವೈದ್ಯರ ಕಥೆ ಮುಗಿಯಿತು. 1887ರಲ್ಲಿ ಶಾಮೊನಿಯ ಚೌಕದಲ್ಲಿ ನಿಂತ ಪ್ರತಿಮೆಯಲ್ಲಿ ಬಾಲ್ಮಾ ಶಿಖರದತ್ತ ಕೈ ತೋರುತ್ತಿದ್ದಾನೆ, ಪಕ್ಕದಲ್ಲಿ ಸೊಸ್ಯೂರ್ ನೋಡುತ್ತಿದ್ದಾನೆ. ಪಕ್ಕಾರ್ ಇಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಗೆರ್ಸ್‌ಡಾರ್ಫ್‌ನ ಟಿಪ್ಪಣಿಗಳು ಬೆಳಕಿಗೆ ಬಂದಾಗಲೇ ಗೊತ್ತಾದದ್ದು, ಎರಡು ಚುಕ್ಕೆಗಳೂ ಸರದಿಯ ಮೇಲೆ ಮುಂದಾಗುತ್ತ ನಡೆದಿದ್ದವು, ಯಾರೂ ಯಾರನ್ನೂ ಎಳೆದಿರಲಿಲ್ಲ ಎಂದು. ವೈದ್ಯರಿಗೆ ಪ್ರತಿಮೆ ಆದದ್ದು 1986ರಲ್ಲಿ, ಆರೋಹಣಕ್ಕೆ ಇನ್ನೂರು ವರ್ಷ ತುಂಬಿದಾಗ.

ಸೊಸ್ಯೂರ್ ಸ್ವತಃ ಏರಿದ್ದು ಮರುವರ್ಷ, 1787ರ ಆಗಸ್ಟ್ 3ರಂದು. ಆಗ ಅವನಿಗೆ ನಲವತ್ತೇಳು ವರ್ಷ. ಹದಿನೆಂಟು ಜನ ಗೈಡುಗಳು ಮತ್ತು ಮನೆಯ ಒಬ್ಬ ಸೇವಕ. ಸಾಮಾನಿನಲ್ಲಿ ಗುಡಾರ, ಏಣಿ, ಹಾಸಿಗೆ, ಹೊದಿಕೆ, ಚಪ್ಪಲಿ, ಉಪಕರಣಗಳ ಪೆಟ್ಟಿಗೆಗಳು. ಆಕಾಶದ ನೀಲಿ ಎಷ್ಟು ಗಾಢವೆಂದು ಹೋಲಿಸಿ ನೋಡಲು ಬಗೆಬಗೆಯ ನೀಲಿ ಬಳಿದ ಕಾಗದದ ತುಂಡುಗಳೂ ಇದ್ದವು. ಶಾಮೊನಿಯಲ್ಲಿ ಹೆಂಡತಿ ಮತ್ತು ಅವಳ ಸೋದರಿಯರು ದುರ್ಬೀನಿನ ಮುಂದೆ. ಅವನು ತುದಿ ಮುಟ್ಟಿದೊಡನೆ ಕೆಳಗೆ ಬಾವುಟ ಏರಿಸಬೇಕೆಂದು ಮಾತಾಗಿತ್ತು. ಇಪ್ಪತ್ತೇಳು ವರ್ಷ ಕನಸು ಕಂಡವನು ತುದಿಯಲ್ಲಿ ಹಿಗ್ಗಬೇಕಿತ್ತು. ಅವನೇ ಬರೆದಂತೆ, ಹಿಗ್ಗಿಗಿಂತ ಒಂದು ಬಗೆಯ ಸಿಟ್ಟಿನಿಂದ ಅಲ್ಲಿನ ಹಿಮವನ್ನು ತುಳಿದನಂತೆ. ದೇಹ ಅಷ್ಟು ಸೋತಿತ್ತು. ಕೊನೆಯ ಏರಿನಲ್ಲಿ ಹದಿನೈದು ಹದಿನಾರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಸುಮಾರು ನಾಲ್ಕೂವರೆ ಗಂಟೆ ಅಲ್ಲಿಯೇ ಉಳಿದ. ಸಮುದ್ರ ತೀರದಲ್ಲಿ ಮೂರು ಗಂಟೆಯೊಳಗೆ ಮಾಡುತ್ತಿದ್ದ ಪ್ರಯೋಗಗಳನ್ನು ಅಷ್ಟರಲ್ಲಿಯೂ ಮುಗಿಸಲಾಗಲಿಲ್ಲ.

ಅವನ ಪ್ರಯೋಗಗಳಲ್ಲಿ ನನಗೆ ಪ್ರಿಯವಾದದ್ದು ನೀರು ಕಾಯಿಸಿದ್ದು. ಸಮುದ್ರ ತೀರದಲ್ಲಿ ಅವನ ಒಲೆಯ ಮೇಲೆ ಹನ್ನೆರಡು ಹದಿಮೂರು ನಿಮಿಷಕ್ಕೆ ಕುದಿಯುತ್ತಿದ್ದ ನೀರಿಗೆ ತುದಿಯಲ್ಲಿ ಅರ್ಧ ಗಂಟೆ ಹಿಡಿಯಿತು. ಕುದಿದದ್ದೂ ನಮ್ಮ ಇಂದಿನ ಲೆಕ್ಕದಲ್ಲಿ ಸುಮಾರು 86 ಡಿಗ್ರಿಗೆ. ಅದರಲ್ಲಿ ಬೇಳೆ ಬೇಯಿಸಲು ಹೊರಟರೆ ಸಂಜೆಯಾದೀತು. ಗಾಳಿಯ ಒತ್ತಡ ಕಡಿಮೆಯಾದಂತೆ ನೀರು ಬೇಗ ಕುದಿಬಿಂದು ಮುಟ್ಟುತ್ತದೆ, ಆದರೆ ಒಲೆಯೂ ಆ ತೆಳು ಗಾಳಿಯಲ್ಲಿಯೇ ಉರಿಯಬೇಕಲ್ಲ? ಬೆಂಕಿ ತೇಕುತ್ತಿತ್ತು, ಮನುಷ್ಯರೂ ತೇಕುತ್ತಿದ್ದರು. ಎರಡಕ್ಕೂ ಕಾರಣ ಒಂದೇ ಎಂಬುದು ಖಚಿತವಾಗಲು ಇನ್ನೂ ತೊಂಬತ್ತು ವರ್ಷ ಬೇಕಾಯಿತು. ಮೋಂ ಬ್ಲಾಂ ತುದಿಯ ಗಾಳಿಯಲ್ಲಿಯೂ ಆಮ್ಲಜನಕದ ಪಾಲು ಐದರಲ್ಲೊಂದೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಪ್ರತಿ ಉಸಿರಿಗೂ ಸಿಗುವುದು ಅರೆಹೊಟ್ಟೆ. ಫ್ರಾನ್ಸಿನ ಶರೀರ ವಿಜ್ಞಾನಿ ಪಾಲ್ ಬರ್ಟ್ ಇದನ್ನು ಪ್ರಯೋಗಗಳಿಂದ ತೋರಿಸಿ ಪುಸ್ತಕ ಬರೆದದ್ದು 1878ರಲ್ಲಿ.

ಸೊಸ್ಯೂರ್ ಹೋಗಿಬಂದ ಮೇಲೆ ಮೋಂ ಬ್ಲಾಂ ಏರುವುದಕ್ಕೆ ಒಂದು ಪದ್ಧತಿ ಬೆಳೆಯಿತು. ಏರುವವನಿಗೆ ಏನೂ ಗೊತ್ತಿರಬೇಕಾಗಿಲ್ಲ. ಹಣ ಮತ್ತು ಹಟ ಇದ್ದರೆ ಸಾಕು. ಉಳಿದದ್ದು ಶಾಮೊನಿಯ ಬಡ ರೈತರ ಹೆಗಲಿನದು. 1808ರಲ್ಲಿ ತುದಿ ಮುಟ್ಟಿದ ಮೊದಲ ಹೆಂಗಸು ಮಾರಿ ಪಾರಾದಿ ಅದೇ ಊರಿನ ಬಡವಿ, ಮನೆಗೆಲಸದವಳು. ಹೆಸರಾದರೆ ಪ್ರವಾಸಿಗರಿಂದ ನಾಲ್ಕು ಕಾಸು ಬರುತ್ತದೆಂದು ಗೈಡುಗಳು ಹುರಿದುಂಬಿಸಿ ಕರೆದೊಯ್ದರು. ಕೊನೆಯಲ್ಲಿ ಉಸಿರಾಡಲಾಗದೆ, ನನ್ನನ್ನು ಯಾವುದಾದರೂ ಬಿರುಕಿಗೆ ಎಸೆದುಬಿಡಿ ಎಂದು ಬೇಡಿಕೊಂಡಳಂತೆ. ಎಳೆದು, ಎತ್ತಿ, ತುದಿ ಮುಟ್ಟಿಸಿದರು. ಮುಂದೆ ಅವಳು ದಾರಿಯ ಬದಿಯಲ್ಲಿ ಪ್ರವಾಸಿಗರಿಗೆ ತಿಂಡಿ ಪಾನೀಯ ಮಾರಿ ಬದುಕಿದಳು. ಮೂವತ್ತು ವರ್ಷದ ಮೇಲೆ, 1838ರಲ್ಲಿ, ಆಂರಿಯೆತ್ ದಾಂಜ್‌ವಿಲ್ ಎಂಬ ನಲವತ್ತನಾಲ್ಕರ ಶ್ರೀಮಂತ ಮಹಿಳೆ ಉಣ್ಣೆಯ ಷರಾಯಿ ಹೊಲಿಸಿಕೊಂಡು, ಉಯಿಲು ಬರೆದಿಟ್ಟು, ಆರು ಗೈಡುಗಳನ್ನೂ ಆರು ಹೊರೆಯಾಳುಗಳನ್ನೂ ಕಟ್ಟಿಕೊಂಡು ಏರಿದಳು. ಅವಳು ನಡೆದೇ ಹೋದಳು. ತುದಿಯಲ್ಲಿ ಗೈಡುಗಳು ಅವಳನ್ನು ಕೈಗಳ ಮೇಲೆ ಎತ್ತಿ ಹಿಡಿದು ಮೋಂ ಬ್ಲಾಂಗಿಂತಲೂ ಎತ್ತರಕ್ಕೆ ಏರಿಸಿದರು. ಊರಿಗೆ ಮರಳಿದ ಮೇಲೆ ಮುದುಕಿಯಾಗಿದ್ದ ಮಾರಿ ಪಾರಾದಿಯನ್ನು ಔತಣಕ್ಕೆ ಕರೆಸಿಕೊಂಡಳು ಎಂಬುದು ಅವಳ ದೊಡ್ಡತನ.

ಈ ಎರಡು ಆರೋಹಣಗಳ ನಡುವೆ, 1820ರ ಆಗಸ್ಟ್‌ನಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ರಷ್ಯಾದ ಸರ್ಕಾರದ ಸೇವೆಯಲ್ಲಿದ್ದ ವಿಜ್ಞಾನಿ ಡಾಕ್ಟರ್ ಹ್ಯಾಮೆಲ್, ಆಕ್ಸ್‌ಫರ್ಡಿನ ಇಬ್ಬರು ತರುಣರು, ಜಿನೀವಾದ ಒಬ್ಬ ಕನ್ನಡಕ ಉಪಕರಣಗಳ ಕುಶಲಿ, ಇವರೊಂದಿಗೆ ಗೈಡುಗಳು. ದಾರಿಯ ನಡುವಿನ ಬಂಡೆಗಳ ಮೇಲೆ ಗುಡಾರ ಹಾಕಿದರು. ಮಳೆ, ಗುಡುಗು, ಹಿಮ. ಒಂದು ದಿನವಿಡೀ ಅಲ್ಲಿಯೇ ಕೂತರು. ಮರುಬೆಳಿಗ್ಗೆ ಆಕಾಶ ತಿಳಿಯಾಗಿತ್ತು, ಆದರೆ ಮೇಲೆಲ್ಲ ಹೊಸ ಹಿಮ ಬಿದ್ದಿತ್ತು. ಇಳಿದುಬಿಡೋಣ ಎಂಬುದು ಗೈಡುಗಳ ಮನಸ್ಸು. ಏರಿಯೇ ತೀರಬೇಕೆಂಬುದು ಹ್ಯಾಮೆಲ್‌ನ ಹಟ. ಹೇಡಿಗಳೆಂಬ ಮಾತು ಅವನ ಬಾಯಿಂದ ಬಂತೆಂದು ಶಾಮೊನಿಯಲ್ಲಿ ಬಹುಕಾಲ ಹೇಳುತ್ತಿದ್ದರು. ಆ ಮಾತಾಡಿದನೋ ಇಲ್ಲವೋ, ಕೂಲಿ ಕೊಡುವವನು ಹೊರಡೋಣ ಎಂದಾಗ ಕೂಲಿಗೆ ಬಂದವನು ಎಷ್ಟು ಹೊತ್ತು ಬೇಡ ಎನ್ನಬಲ್ಲ? ಕನ್ನಡಕದ ಕುಶಲಿ ಮಾತ್ರ ತಾನು ಬರುವುದಿಲ್ಲವೆಂದು ಬಂಡೆಯ ಮೇಲೆಯೇ ಉಳಿದ. ಅವನಿಗೆ ಕೂಲಿಯ ಹಂಗಿರಲಿಲ್ಲ.

ತುದಿಗೆ ಇನ್ನೇನು ಸ್ವಲ್ಪ ದೂರವಿದೆ ಎನ್ನುವಾಗ ಇಳಿಜಾರನ್ನು ಅಡ್ಡವಾಗಿ ದಾಟುತ್ತಿದ್ದರು. ಹೊಸ ಹಿಮ ಕಾಲಡಿಯಲ್ಲಿ ಹರಿದುಕೊಂಡು ಜಾರಿತು. ಎಲ್ಲರೂ ಉರುಳಿದರು; ಮುಂದೆ ಹೆಜ್ಜೆ ತುಳಿಯುತ್ತಿದ್ದ ಗೈಡುಗಳು ಕೆಳಗಿನ ದೊಡ್ಡ ಬಿರುಕಿನೊಳಕ್ಕೆ ಬಿದ್ದರು. ಪಿಯೆರ್ ಬಾಲ್ಮಾ, ಪಿಯೆರ್ ಕಾರಿಯೆ, ಒಗ್ಯುಸ್ತ್ ತೆರಾಜ್, ಈ ಮೂವರು ಸಿಗಲೇ ಇಲ್ಲ. ಹ್ಯಾಮೆಲ್ ಮತ್ತು ಆಕ್ಸ್‌ಫರ್ಡ್ ತರುಣರಿಗೆ ಪೆಟ್ಟಾಗಲಿಲ್ಲ. ಹಿಮ ಜಾರುವಾಗ ಮುಂದೆ ನಡೆಯುವವನೇ ಮೊದಲು ಹೋಗುತ್ತಾನೆ. ಮುಂದೆ ನಡೆಯುವುದೇ ಗೈಡಿನ ಕಸುಬು.

ಮುಂದಿನದು ವಿಜ್ಞಾನ. ಹಿಮನದಿ ನಿಂತಲ್ಲೇ ನಿಂತ ಮಂಜುಗಡ್ಡೆಯಲ್ಲ. ತೀರ ನಿಧಾನವಾಗಿ ಹರಿಯುವ ನದಿಯೇ. ಸ್ಕಾಟ್ಲೆಂಡಿನ ಜೇಮ್ಸ್ ಫೋರ್ಬ್ಸ್ 1842ರಿಂದ ಶಾಮೊನಿಯ ಹಿಮನದಿಯ ವೇಗವನ್ನು ಅಳೆದಿದ್ದರು. ಹ್ಯಾಮೆಲ್‌ನ ಗೈಡುಗಳ ದೇಹ ಸುಮಾರು ನಲವತ್ತು ವರ್ಷಕ್ಕೆ ಕೆಳಗೆ ಬರಬೇಕೆಂದು ಅವರು ಲೆಕ್ಕ ಹಾಕಿದ್ದರು. 1861ರ ಆಗಸ್ಟ್‌ನಲ್ಲಿ, ಅಂದರೆ ನಲವತ್ತೊಂದು ವರ್ಷಕ್ಕೆ, ಬೊಸ್ಸೋಂ ಹಿಮನದಿಯ ತಳದಂಚಿನಲ್ಲಿ ಅವು ಹೊರಬಂದವು: ಮೂಳೆ, ಕೂದಲು, ಬಟ್ಟೆಯ ಚೂರು, ಟೋಪಿ, ಬೇಯಿಸಿದ ಕುರಿಯ ತೊಡೆ, ಸುದ್ದಿ ಒಯ್ಯಲೆಂದು ತಂದಿದ್ದ ಪಾರಿವಾಳದ ರೆಕ್ಕೆ. ಅಂದು ಬದುಕುಳಿದ ಗೈಡುಗಳಲ್ಲಿ ಜೋಸೆಫ್ ಮಾರಿ ಕುತ್ತೆ ಎಂಬಾತ ಆಗ ಮುದುಕನಾಗಿದ್ದ. ಒಂದು ಕೈಯನ್ನು ನೋಡಿ ಅದು ಬಾಲ್ಮಾನದೆಂದು ಗುರುತಿಸಿದ. ಮಂಜಿನಲ್ಲಿದ್ದ ಗೆಳೆಯನ ಕೈಗೆ ವಯಸ್ಸಾಗಿರಲಿಲ್ಲ. ಲೆಕ್ಕ ಸರಿಯಾಗಿತ್ತೆಂದು ವಿಜ್ಞಾನದ ವಿದ್ಯಾರ್ಥಿಯಾಗಿ ಸಂತೋಷಪಡಬೇಕೇನೋ, ನನಗೆ ಅದು ಸಾಧ್ಯವಾಗಿಲ್ಲ.

ದುರಂತದ ಮರುವರ್ಷ, 1821ರಲ್ಲಿ, ಶಾಮೊನಿಯ ಗೈಡುಗಳು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಸತ್ತವರ ಮನೆಯವರಿಗೆ ನೆರವು, ಕೆಲಸಕ್ಕೆ ಸರದಿ, ಕೂಲಿಗೆ ದರ. ಮೋಂ ಬ್ಲಾಂ ಏರುವ ಪ್ರತಿಯೊಬ್ಬ ಪ್ರವಾಸಿಯೂ ನಾಲ್ವರು ಗೈಡುಗಳನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಬಂತು. ಬರೀ ಹೊಟ್ಟೆಪಾಡಿನ ನಿಯಮ ಎಂದು ಹೊರಗಿನವರು ಮೂಗು ಮುರಿದರು. ಹೊಟ್ಟೆಪಾಡಿನದೂ ಹೌದು. ಆದರೆ ಆ ಮೂವರ ಮೇಲೆ ಎದ್ದ ನಿಯಮ ಅದು.

ಈ ದುರಂತದ ವರ್ಣನೆಯಿದ್ದ ಮಕ್ಕಳ ಪುಸ್ತಕವೊಂದನ್ನು ಇಂಗ್ಲೆಂಡಿನಲ್ಲಿ ಒಬ್ಬ ಹುಡುಗ ಓದಿದ. ಓದಿದ್ದಷ್ಟೇ ಅಲ್ಲ, ಚಿತ್ರಗಳನ್ನು ಬರೆದು ಸುರುಳಿ ಸುತ್ತುವ ಸಣ್ಣ ಪ್ರದರ್ಶನ ಮಾಡಿ ತಂಗಿಗೆ ತೋರಿಸಿ ಹೆದರಿಸುತ್ತಿದ್ದ. ಆ ಹುಡುಗ ಆಲ್ಬರ್ಟ್ ಸ್ಮಿತ್. ದೊಡ್ಡವನಾಗಿ ವೈದ್ಯಕೀಯ ಓದಿ, ಅದನ್ನು ಬಿಟ್ಟು ಬರಹಗಾರನಾದ, ಮನರಂಜನೆಯ ಪ್ರದರ್ಶನಗಳಿಗೆ ಇಳಿದ. 1851ರ ಆಗಸ್ಟ್‌ನಲ್ಲಿ ಮೂವರು ವಿದ್ಯಾರ್ಥಿಗಳ ಜೊತೆ ಮೋಂ ಬ್ಲಾಂಗೆ ಹೊರಟ. ನಾಲ್ವರಿಗೆ ನಿಯಮದಂತೆ ಹದಿನಾರು ಗೈಡುಗಳು, ಅವರ ಹಿಂದೆ ಹೊರೆಯಾಳುಗಳು. ಬುತ್ತಿಯಲ್ಲಿ 46 ಕೋಳಿಗಳು, ತೊಂಬತ್ತಕ್ಕೂ ಹೆಚ್ಚು ಬಾಟಲಿ ದ್ರಾಕ್ಷಾರಸ. ಸ್ಮಿತ್ ಸ್ಥೂಲದೇಹಿ, ಬೆಟ್ಟ ಹತ್ತಿ ಅಭ್ಯಾಸವಿಲ್ಲದವನು. ತುದಿ ತಲುಪಿದವನೇ ಹಿಮದ ಮೇಲೆ ಬಿದ್ದು ನಿದ್ದೆಹೋದ.

ಆದರೆ 1852ರ ಮಾರ್ಚ್‌ನಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಅವನು ಶುರುಮಾಡಿದ ಪ್ರದರ್ಶನ ಆರು ವರ್ಷ ನಡೆಯಿತು, ಸುಮಾರು ಎರಡು ಸಾವಿರ ಸಲ. ಹಿಂದೆ ದೊಡ್ಡ ಪರದೆಯ ಚಿತ್ರಗಳು ಸರಿಯುತ್ತಿದ್ದವು, ಮುಂದೆ ನಿಂತು ಸ್ಮಿತ್ ಮಾತಾಡುತ್ತಿದ್ದ, ಹಾಡುತ್ತಿದ್ದ. ನಡುವೆ ಸೇಂಟ್ ಬರ್ನಾರ್ಡ್ ನಾಯಿಗಳು ಬರುತ್ತಿದ್ದವು. ವಿಕ್ಟೋರಿಯಾ ರಾಣಿಯೂ ನೋಡಿದಳು. ಮೋಂ ಬ್ಲಾಂ ಹೆಸರಿನ ಆಟದ ಹಾಳೆಗಳು, ಕುಣಿತದ ಸಂಗೀತ ಎಲ್ಲ ಮಾರುಕಟ್ಟೆಗೆ ಬಂದವು. ಶಾಮೊನಿಗೆ ಇಂಗ್ಲಿಷ್ ಪ್ರವಾಸಿಗರ ಹಿಂಡು ಹರಿಯಿತು. ವೃತ್ತಿಯಿಂದ ನಾನೂ ಸ್ಮಿತ್‌ನ ಕುಲದವನೇ. ಆದ್ದರಿಂದ ಅವನನ್ನು ಹಳಿಯಲು ಬಾಯಿ ಬರುವುದಿಲ್ಲ. ಆದರೂ ಒಂದು ಮಾತು. ಪರದೆಯ ಮೇಲೆ ಶಿಖರ ಬರುತ್ತದೆ, ತಲುಪಿದವನ ಮುಖ ಬರುತ್ತದೆ. ಹದಿನಾರು ಗೈಡುಗಳ ಬೆನ್ನಿನ ಹೊರೆ, ಹದಿನೈದು ಹೆಜ್ಜೆಗೊಮ್ಮೆ ನಿಲ್ಲುವ ಉಸಿರು, ಇವು ಎರಡು ನಿಮಿಷಕ್ಕಿಂತ ಹೆಚ್ಚಾದರೆ ನೋಡುವವರಿಗೆ ಬೇಸರ. ಕತ್ತರಿ ಬೀಳುವುದು ಅಲ್ಲಿಗೇ. ನೋಡಿದವರು ಇಷ್ಟೇ ತಾನೆ ಎಂದುಕೊಂಡು ಹೊರಡುತ್ತಾರೆ.

ಹೊರಡಲು ಮನಸ್ಸಿಲ್ಲದವರಿಗೆ ಶಾಮೊನಿಯ ಬೀದಿಯಲ್ಲಿ ಬಾಡಿಗೆಯ ದುರ್ಬೀನುಗಳಿದ್ದವು. ಅಮೆರಿಕದ ಹಾಸ್ಯಗಾರ ಮಾರ್ಕ್ ಟ್ವೇನ್ 1880ರ ಪ್ರವಾಸ ಪುಸ್ತಕದಲ್ಲಿ, ಕಾಸು ಕೊಟ್ಟು ದುರ್ಬೀನಿನಲ್ಲಿ ಕಣ್ಣಿಟ್ಟು ತಾನೂ ಮೇಲಿನವರ ಜೊತೆ ಮೋಂ ಬ್ಲಾಂ ಏರಿದೆನೆಂದು ಗಂಭೀರವಾಗಿ ಬರೆದಿದ್ದಾನೆ.

ಇಷ್ಟರಲ್ಲಿ ಶಿಖರದ ಮೇಲೊಂದು ವೀಕ್ಷಣಾಲಯ ಕಟ್ಟುವ ಹಂಬಲ ಹುಟ್ಟಿತ್ತು. ಹಂಬಲಿಸಿದವರು ಖಗೋಳ ವಿಜ್ಞಾನಿ ಜೂಲ್ಸ್ ಜಾನ್ಸೆನ್; 1868ರಲ್ಲಿ ನಮ್ಮ ಆಂಧ್ರದ ಗುಂಟೂರಿಗೆ ಬಂದು ಸೂರ್ಯಗ್ರಹಣವನ್ನು ಅಭ್ಯಸಿಸಿದವರು. ಬಾಲ್ಯದಿಂದ ಕಾಲು ಕುಂಟು. ಅರವತ್ತು ದಾಟಿದ ಮೇಲೆ ಅವರನ್ನು ಜಾರುಬಂಡಿಯ ಮೇಲೆ ಕೂರಿಸಿ ಗೈಡುಗಳು ಶಿಖರಕ್ಕೆ ಎಳೆದೊಯ್ದರು. ಕಟ್ಟಡಕ್ಕೆ ತಳದ ಬಂಡೆ ಬೇಕೆಂದು, ಪ್ಯಾರಿಸ್ ಗೋಪುರದ ಐಫೆಲ್ ಹಣ ಕೊಟ್ಟು, 1891ರಲ್ಲಿ ಹಿಮದೊಳಗೆ ಸುರಂಗ ತೋಡಿಸಲಾಯಿತು. ಬಂಡೆ ಸಿಗಲಿಲ್ಲ. 1893ರಲ್ಲಿ ಹಿಮದ ಮೇಲೆಯೇ ಕಟ್ಟಿದ ವೀಕ್ಷಣಾಲಯ ವರ್ಷಗಳು ಕಳೆದಂತೆ ಹಿಮದೊಳಕ್ಕೆ ಇಳಿದುಹೋಯಿತು.

ಆ ಸುರಂಗದ ಕೆಲಸದ ಸಮಯದಲ್ಲಿ, 1891ರ ಸೆಪ್ಟೆಂಬರ್‌ನಲ್ಲಿ, ಶಾಮೊನಿಯ ತರುಣ ವೈದ್ಯ ಜಾಕೊತೆ ಶಿಖರದ ಕೆಳಗೆ ಸುಮಾರು 4,360 ಮೀಟರ್ ಎತ್ತರದಲ್ಲಿದ್ದ ವಾಲೊ ಗುಡಿಸಲಿನಲ್ಲಿ ತಂಗಿದ್ದರು. ಮೈ ಹುಷಾರಿಲ್ಲದಾಯಿತು, ತಲೆನೋವು, ಕೆಮ್ಮು. ಇಳಿಯಿರಿ ಎಂದರೂ ಇಳಿಯಲಿಲ್ಲ. ಎತ್ತರ ದೇಹಕ್ಕೆ ಏನು ಮಾಡುತ್ತದೆಂದು ತನ್ನ ಮೇಲೆಯೇ ನೋಡಿಕೊಳ್ಳಬೇಕೆಂಬ ಆಸೆ. ಅಲ್ಲಿಯೇ ತೀರಿಕೊಂಡರು. ಶವಪರೀಕ್ಷೆಯಲ್ಲಿ ಶ್ವಾಸಕೋಶದ ತುಂಬ ನೀರು ಕಂಡಿತು. ಅದನ್ನು ಬಹುಕಾಲ ನ್ಯುಮೋನಿಯಾ ಎಂದೇ ಬಗೆದರು. ಎತ್ತರವೇ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು, ಗಟ್ಟಿಮುಟ್ಟಾದ ಆಳಿಗೂ ಅದು ತಪ್ಪದು ಎಂಬ ಅರಿವು ವೈದ್ಯಲೋಕದಲ್ಲಿ ಹರಡಿದ್ದು 1960ರ ಆಚೀಚೆ. ಅದಕ್ಕೆ ದೊಡ್ಡ ಪುರಾವೆ ಒದಗಿಸಿದವರು ನಮ್ಮ ಸೇನೆಯ ವೈದ್ಯರು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲಿನಿಂದ ನೇರವಾಗಿ ಹಿಮಾಲಯದ ಎತ್ತರಕ್ಕೆ ಸಾಗಿಸಿದ ಸಿಪಾಯಿಗಳಲ್ಲಿ ಈ ಕಾಯಿಲೆ ಸಾಲುಸಾಲಾಗಿ ಕಂಡಿತ್ತು; ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸಿಪಾಯಿಗಳ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. ನಿಧಾನವಾಗಿ ಏರಬೇಕು, ನಡುವೆ ತಂಗಬೇಕು, ತಲೆನೋವು ಏರುತ್ತಿದ್ದರೆ ಇಳಿದುಬಿಡಬೇಕು. ಕೈಲಾಸ ಪರಿಕ್ರಮದ ಡೋಲ್ಮಾ ಕಣಿವೆ ಮೋಂ ಬ್ಲಾಂ ತುದಿಗಿಂತ ಸುಮಾರು 800 ಮೀಟರ್ ಎತ್ತರದಲ್ಲಿದೆ. ನಮ್ಮ ಊರುಗಳಿಂದ ಹೋಗುವ, ಜನ್ಮದಲ್ಲಿ ಬೆಟ್ಟ ಹತ್ತದ ಯಾತ್ರಿಕರಿಗೆ ಹೊರಡುವ ಮುನ್ನ ವೈದ್ಯಕೀಯ ತಪಾಸಣೆ ಯಾಕೆ ಎಂದು ಗೊಣಗುವವರಿದ್ದಾರೆ.

ಕೊನೆಗೆ ಮೊದಲಿನ ಪ್ರಶ್ನೆ. ಇಳಿಸುವವರು ಯಾರು? 1956ರ ತನಕ ಉತ್ತರ ಸರಳವಾಗಿತ್ತು: ಊರಿನ ಗೈಡುಗಳು, ಅವರ ಇಚ್ಛೆಯಿದ್ದರೆ. ಆ ವರ್ಷದ ಡಿಸೆಂಬರ್ 22ರಂದು ಇಪ್ಪತ್ತನಾಲ್ಕರ ಜಾನ್ ವಿನ್ಸೆಂದೋನ್, ಇಪ್ಪತ್ತೆರಡರ ಫ್ರಾನ್ಸ್ವಾ ಆಂರಿ ಮೋಂ ಬ್ಲಾಂಗೆ ಹೊರಟರು. ತೀರ ಹೊಸಬರಲ್ಲ, ಆದರೆ ಚಳಿಗಾಲದ ಮೋಂ ಬ್ಲಾಂಗೆ ಬೇಕಾದಷ್ಟು ಪಳಗಿದವರೂ ಅಲ್ಲ. ಬಿರುಗಾಳಿಗೆ ಸಿಕ್ಕರು. ಹತ್ತಿರದಲ್ಲೇ ಇದ್ದ ಇಟಲಿಯ ಪ್ರಖ್ಯಾತ ಆರೋಹಿ ವಾಲ್ಟರ್ ಬೊನಾತ್ತಿ ತನ್ನ ಸಂಗಡಿಗನನ್ನು ಕಷ್ಟಪಟ್ಟು ವಾಲೊ ಗುಡಿಸಲಿಗೆ ಮುಟ್ಟಿಸಿದ. ಈ ಇಬ್ಬರು ಹುಡುಗರು ಹಿಂದುಳಿದು ಕೆಳಗಿನ ಹಿಮದಲ್ಲಿ ಸಿಕ್ಕಿಬಿದ್ದರು. ಶಾಮೊನಿಯಲ್ಲಿ ದುರ್ಬೀನಿಟ್ಟರೆ ಅವರು ಕಾಣುತ್ತಿದ್ದರು. ಪತ್ರಿಕೆಯವರು, ರೇಡಿಯೊದವರು, ರಜೆಗೆ ಬಂದ ಪ್ರವಾಸಿಗರು ಸಾಲುಗಟ್ಟಿ ನೋಡಿದರು. ಆ ಹಿಮದಲ್ಲಿ ಜನರನ್ನು ಕಳಿಸಿದರೆ ಅವರೂ ಸಾಯುತ್ತಾರೆಂದು ಊರಿನ ಗೈಡುಗಳು ಹಿಂಜರಿದರು. 1820ನ್ನು ಬಲ್ಲ ಊರು, ಅವರನ್ನು ಹೇಗೆ ದೂರುವುದು? ಲಿಯೊನೆಲ್ ತೆರೆ ಎಂಬ ಹೆಸರಾಂತ ಗೈಡ್ ಜಗಳವಾಡಿ ಕೆಲವು ಸ್ವಯಂಸೇವಕರೊಂದಿಗೆ ಹೊರಟ, ಆದರೆ ತಲುಪಲಾಗಲಿಲ್ಲ. ಡಿಸೆಂಬರ್ 31ರಂದು ಸೇನೆಯ ಹೆಲಿಕಾಪ್ಟರ್ ಹುಡುಗರ ಬಳಿಯೇ ಹಿಮಕ್ಕೆ ಅಪ್ಪಳಿಸಿ ಬಿತ್ತು. ಕೈಕಾಲು ಮರಗಟ್ಟಿದ್ದ ಅವರಿಬ್ಬರನ್ನು ಮುರಿದ ಹೆಲಿಕಾಪ್ಟರಿನೊಳಗೆ ಮಲಗಿಸಿ ಬಂದವರು ವಾಲೊ ಗುಡಿಸಲಿಗೆ ಏರಿಹೋದರು. ಜನವರಿ 3ರಂದು ಬೇರೆ ಹೆಲಿಕಾಪ್ಟರುಗಳು ಬಂದು ಗುಡಿಸಲಿನಲ್ಲಿದ್ದವರನ್ನು ಇಳಿಸಿಕೊಂಡವು. ಹುಡುಗರ ಮೇಲೆ ಹಾರಿ ನೋಡಿದಾಗ ಜೀವದ ಸುಳಿವು ಕಾಣಲಿಲ್ಲವೆಂದು ಕಾರ್ಯಾಚರಣೆ ನಿಲ್ಲಿಸಲಾಯಿತು. ದೇಹಗಳನ್ನು ತಂದದ್ದು 1957ರ ಮಾರ್ಚ್‌ನಲ್ಲಿ.

ಹತ್ತು ದಿನ ಇಡೀ ಫ್ರಾನ್ಸ್ ಇಬ್ಬರು ಸಾಯುವುದನ್ನು ಕುಳಿತು ನೋಡಿತ್ತು. ಆ ಸಂಕಟದಿಂದ ಹುಟ್ಟಿದ್ದೇ ಈಗಿನ ಏರ್ಪಾಡು: 1958ರಲ್ಲಿ ಪರ್ವತದಲ್ಲಿ ಸಿಕ್ಕಿಬಿದ್ದವರನ್ನು ಇಳಿಸುವ ಹೊಣೆಯನ್ನು ಸರ್ಕಾರ ತನ್ನ ಮೇಲೆ ಹಾಕಿಕೊಂಡಿತು, ಶಾಮೊನಿಯಲ್ಲಿ ಅದಕ್ಕೆಂದೇ ತರಬೇತಾದ ಪೊಲೀಸ್ ಪಡೆ ನಿಂತಿತು. 2022ರಲ್ಲಿ ಮೇಯರ್ ಕೇಳಿದ 10,000 ಯೂರೊ ಈ ಪಡೆಯ ಖರ್ಚಿನ ಬಾಬ್ತು. ಈಗಿನ ವಾಲೊ ಗುಡಿಸಲು ಲೋಹದ ತಗಡಿನದೊಂದು ಪುಟ್ಟ ಆಸರೆ, ತುರ್ತಿಗೆ ಮಾತ್ರ. ಗಾಳಿ ಎದ್ದ ದಿನ ದಣಿದವರು ಅದರೊಳಗೆ ಒಬ್ಬರನ್ನೊಬ್ಬರು ಒತ್ತಿಕೊಂಡು ಕೂತು ಹೆಲಿಕಾಪ್ಟರಿನ ಸದ್ದಿಗೆ ಕಿವಿಗೊಡುತ್ತಾರೆ.